ಕೋಟು ಕಾಯುವವಳು

ವಾರ್ಸಾ ನಗರ. ವಿಸ್ತುಲಾ ಹೊಳೆಯಾಚೆ, ಪ್ರಾಗಾ ಪೇಟೆ.
ಹಳೇ ಗುಂಡಿ ಕಾರ್ಖಾನೆಯ ನೆಲಮಾಳಿಗೆ.
ಅಂಗಿಯ ಗುಂಡಿ; ಹೆಣ ಹೂಳುವುದಲ್ಲ.
ಈ ಊರಿಗೆ ಎರಡೂ ಗೊತ್ತು, ಅದಕ್ಕೇ ಬಿಡಿಸಿ ಹೇಳಿದೆ.

ನಾನು ಇರ್ಮಿನಾ. ಅರವತ್ತಮೂರು.
ಬಾಗಿಲ ಪಕ್ಕ ಅಡ್ಡಹಲಗೆಯ ಹಿಂದೆ ಕೋಟು ಕಾಯುವವಳು.
ಕೋಟು ಕೊಟ್ಟರೆ ಹಿತ್ತಾಳೆ ಬಿಲ್ಲೆ,
ಬಿಲ್ಲೆ ಕೊಟ್ಟರೆ ಕೋಟು.
ನಡುವೆ ಒಳಗೆ ಏನು ಮಾಡುತ್ತೀರೋ ನನಗೆ ಬೇಡ.

ಬೇಡವೆಂದರೂ ಕಾಣುತ್ತದಲ್ಲ.
ಹಗಲು ಹಲ್ಲಿನ ಸೆಟ್ಟು ಕಟ್ಟುವ ತಿಮೋನ್
ರಾತ್ರಿ ಹನ್ನೊಂದಕ್ಕೆ ‘ಪಾನಿ ಕಲೊರಿಫೆರ್’.
ಪಾನಿ ಅಂದರೆ ಶ್ರೀಮತಿ. ಕಲೊರಿಫೆರ್,
ಗೋಡೆಗೊರಗಿ ಮನೆ ಬೆಚ್ಚಗಿಡುವ ಕಬ್ಬಿಣ.
ಎದೆಗೆ ತಗಡಿನ ಪಕ್ಕೆಲುಬು, ತುಟಿಗೆ ಕಡುಗೆಂಪು,
ಹನ್ನೆರಡು ನಿಮಿಷ ಅಲ್ಲಾಡದೆ ನಿಂತು
ಬಿಸಿನೀರ ಕೊಳವೆಯಂತೆ ಗುಳುಗುಳು, ಟಕ್, ಗುಳು ಅನ್ನುತ್ತಾಳೆ.
ಜನ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ,
ಕೆಲವರಿಗೆ ನಗು ನಿಂತ ಮೇಲೂ ನೀರು ನಿಲ್ಲುವುದಿಲ್ಲ.
ಆಮೇಲೆ ತೆರಿಗೆ ಕಚೇರಿಯ ಲ್ಯುದ್ಕಾ,
ಅಂಟಿಸಿದ ಮೀಸೆ ತೀಡುತ್ತ, ತೆರಿಗೆ ನಮೂನೆಯನ್ನು
ಪ್ರೇಮಪತ್ರದಂತೆ ಓದುತ್ತಾನೆ:
‘ಅವಲಂಬಿತರ ಹೆಸರು’ ಎಂಬಲ್ಲಿ ದನಿ ಒಡೆಯುತ್ತದೆ.

ಜನವರಿಯ ಒಂದು ರಾತ್ರಿ. ಸೊನ್ನೆಗೆ ಹದಿನೆಂಟು ಕೆಳಗೆ.
ಬಾಯ್ಲರು ಸತ್ತಿತು.
ನಿಜವಾದ ಕಲೊರಿಫೆರ್‌ಗಳೆಲ್ಲ ತಣ್ಣಗೆ, ಸುಳ್ಳಿನದೊಂದೇ ಉಳಿದದ್ದು.
ಬಿಲ್ಲೆ ಹಿಡಿದು ಜನ ನನ್ನತ್ತ ನುಗ್ಗುವ ಮುಂಚೆ
ತಿಮೋನ್ ಓಡಿಬಂದ: ‘ಪಾನಿ ಇರ್ಮಿನಾ, ಎಲ್ಲ ಕೊಡಿ.
ಕೋಟು. ಎಲ್ಲ.’

ತೊಟ್ಟ. ಒಂದರ ಮೇಲೊಂದು,
ತೋಳು ಹೊಗದೆ ಹೆಗಲಿಗೆ, ಹೆಗಲು ಸಾಲದೆ ತಲೆಗೆ,
ಉಸಿರಾಡುವ ಗುಡ್ಡವಾಗಿ ರಂಗಕ್ಕೆ ಉರುಳಿದ.
ಒಂದೊಂದೇ ಸುಲಿದು, ಕಾಲರು ಮೂಸಿ,
ಜೇಬಿಗೆ ಕೈಯಿಟ್ಟು:
ಟ್ರಾಮ್ ಚೀಟಿ, ಅರ್ಧ ಗಸಗಸೆ ಬನ್ನು,
ಕೋರ್ಟಿನ ಲಕೋಟೆ, ಒಡೆಯದ್ದು,
ಮಗುವಿನ ಒಂದೇ ಒಂದು ಕಾಲುಚೀಲ.
ಹೆಸರು ಕೇಳಲಿಲ್ಲ. ನಡೆದುಹೋಗಿ ಯಾರೆದುರೋ ನಿಂತು ತೊಡಿಸುವನು.
ಒಮ್ಮೆಯೂ ತಪ್ಪಲಿಲ್ಲ.

ಕೊನೆಗೆ ಉಳಿದದ್ದು ಕಂದು ಕೋಟು.
ಹಿಂದಿನ ಮೊಳೆಯಿಂದ ಅದನ್ನೂ ಎಳೆದುಕೊಂಡಿದ್ದ,
ನಾನು ನೋಡಿರಲಿಲ್ಲ.
ಐದು ಗುಂಡಿ. ನಾಲ್ಕು ಕಂದು, ಒಂದು ಹಸಿರು.

ಹಸಿರಿನದು ಇದೇ ಕಟ್ಟಡದ್ದು. ಮೂರನೇ ಮಹಡಿ, ಎರಡನೇ ಪಾಳಿ,
ಸೈನ್ಯ ಬೀದಿಗಿಳಿದ ಚಳಿಗಾಲ.
ಕರ್ಫ್ಯೂಗೆ ಇನ್ನು ಕಾಲುಗಂಟೆ, ಕತ್ತರಿ ಸಿಗಲಿಲ್ಲ,
ತ್ಸೆತ್ಸಿಲ್ಯಾ ಹಲ್ಲಿನಿಂದಲೇ ದಾರ ಕಡಿದಳು.
ಅವಳ ಹಣೆ ನನ್ನ ಕೊರಳಿಗೆ ತಾಗಿತು.
ಅಷ್ಟೇ.
ಅಷ್ಟೇ ಅಂತ ಎರಡು ಮದುವೆಯುದ್ದಕ್ಕೂ ಹೇಳಿಕೊಂಡೆ,
ಒಳಗಿನ ಅಸ್ತರಿ ಮೂರು ಸಲ ಬದಲಿಸಿದೆ,
ಗುಂಡಿ ಬದಲಿಸಲಿಲ್ಲ.

ತಿಮೋನ್ ಅದನ್ನು ಮೈಕಿಗೆ ತಾಕಿಸಿದ. ಟಕ್.
ಕೊಳವೆಯೊಳಗೆ ಎಲ್ಲೋ ದೂರ ನೀರು ಹೊರಟ ಹಾಗೆ, ಟಕ್.
ಕಾಲರು ಮೂಸಿದ: ಕರ್ಪೂರ, ಈರುಳ್ಳಿ,
ಒಂಬತ್ತು ವರ್ಷದ ಪರರ ಕೋಟುಗಳ ವಾಸನೆ.
ಜನರ ನಡುವೆ ಹುಡುಕಿದ. ಜನ ಒಬ್ಬರನ್ನೊಬ್ಬರು ಹುಡುಕಿದರು.

ಅಡ್ಡಹಲಗೆ ಎತ್ತಿದೆ. ಕೀಲು ಕಿರ್ರೆಂದಿತು.
ಆಟದ ಹೊತ್ತಿನಲ್ಲಿ ಅದನ್ನು ಎತ್ತಿದ್ದೇ ಇಲ್ಲ ನಾನು.

ತೋಳು ಚಾಚಿದೆ, ಮಗುವಿನ ಹಾಗೆ.
ತೊಡಿಸಿದ. ನಾಲ್ಕು ಗುಂಡಿ ಹಾಕಿ
ಹಸಿರನ್ನು ನನ್ನ ಬೆರಳಿಗೆ ಬಿಟ್ಟ.
ಕೈಗವಸಿನ ಚಪ್ಪಾಳೆ, ಪಾರಿವಾಳ ಎದ್ದ ಸದ್ದು.

ತ್ಸೆತ್ಸಿಲ್ಯಾ ಲುಬ್ಲಿನ್‌ನಲ್ಲಿದ್ದಾಳೆ ಅಂತಾರೆ.
ಇಲ್ಲ ಅಂತಲೂ ಅಂತಾರೆ.

ಅಷ್ಟರಲ್ಲಿ ಲ್ಯುದ್ಕಾ, ಮೀಸೆ ಅರ್ಧ ಕಿತ್ತು, ನಡುಗುತ್ತ,
ಐವತ್ತೇಳನೇ ಬಿಲ್ಲೆ ಹಲಗೆಗೆ ಬಡಿಯುತ್ತಿದ್ದ:
‘ನನ್ನದೆಲ್ಲಿ? ಯಾರಿದ್ದೀರಿ ಒಳಗೆ?’